ಐದು ಮನೆ, ಒಂದೇ ಸೆಕೆಂಡು: ದೂರದ ಗೆಳೆಯರೊಂದಿಗೆ ಮ್ಯೂಸಿಕಲ್, ಹಳೆ ಸಿನಿಮಾ, ಬೇಸ್‌ಬಾಲ್

ಹಾಡಿನ ಕೊನೆಯ ಸುತ್ತು ಇನ್ನೂ ಬಾಕಿ ಇರುವಾಗಲೇ ಚಾಟ್‌ನಲ್ಲಿ ಒಬ್ಬರು "ಆಹಾ, ಆ ಜಿಗಿತ!" ಎಂದು ಬರೆದುಬಿಟ್ಟರೆ ಉಳಿದವರ ಪಾಲಿಗೆ ಆ ಜಿಗಿತ ಹೋದ ಹಾಗೆಯೇ. ಬೇಸ್‌ಬಾಲ್‌ನಲ್ಲಿ ಇದು ಇನ್ನೂ ಕೆಟ್ಟದು. ನಮ್ಮ ಪರದೆಯಲ್ಲಿ ಚೆಂಡು ಎಸೆಯುವವನ, ಅಂದರೆ ಪಿಚರ್‌ನ ಕೈಯಲ್ಲೇ ಇರುತ್ತದೆ, ಪಕ್ಕದ ಕಿಟಕಿಯಲ್ಲಿ ಆಗಲೇ "ಹೋಮ್ ರನ್" ಎಂದು ಬಂದಿರುತ್ತದೆ. ಅವರವರ ಮನೆಯಲ್ಲೇ ಕೂತು ಸಿನಿಮಾ, ಬೇಸ್‌ಬಾಲ್ ಒಟ್ಟಿಗೆ ನೋಡುವ ನಮ್ಮ ಕೂಟದಲ್ಲಿ ಐದು ಜನ: ಇಬ್ಬರು ಬೆಂಗಳೂರಿನಲ್ಲಿ, ಇಬ್ಬರು ನ್ಯೂಜೆರ್ಸಿಯಲ್ಲಿ, ಒಬ್ಬರು ಕ್ಯಾಲಿಫೋರ್ನಿಯಾದಲ್ಲಿ. ಹರಟೆಗೆ ಯಾರಿಗೂ ಏನೂ ಹೇಳಿಕೊಡಬೇಕಾಗಿಲ್ಲ. ಐದೂ ಜನ ಒಂದೇ ಸೆಕೆಂಡಿನಲ್ಲಿ ಇರುವಂತೆ ನೋಡಿಕೊಳ್ಳುವುದಕ್ಕೆ ಮಾತ್ರ ಕೆಲಸ ಮಾಡಬೇಕು. ಆ ಕೆಲಸವನ್ನು ನಾವು ಹೇಗೆ ಮಾಡುತ್ತೇವೆ ಎಂಬುದನ್ನೇ ಇಲ್ಲಿ ಬರೆದಿದ್ದೇನೆ.

ಗಡಿಯಾರದ ವಿಷಯ ಚಿಕ್ಕದು, ಮೊದಲು ಮುಗಿಸಿಬಿಡೋಣ. ಸಿನಿಮಾಕ್ಕೆ ಅಮೆರಿಕದ ಪೂರ್ವ ಕರಾವಳಿಯ ಶುಕ್ರವಾರ ರಾತ್ರಿ 9:30 ಗೊತ್ತು ಮಾಡಿಕೊಂಡಿದ್ದೇವೆ. ಆಗ ಕ್ಯಾಲಿಫೋರ್ನಿಯಾದಲ್ಲಿ ಸಂಜೆ 6:30, ಬೆಂಗಳೂರಿನಲ್ಲಿ ಶನಿವಾರ ಬೆಳಗ್ಗೆ 7. ನವೆಂಬರ್ ಮೊದಲ ಭಾನುವಾರ ಅಮೆರಿಕದವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಮಾರ್ಚ್ ಎರಡನೇ ಭಾನುವಾರ ಮತ್ತೆ ಮುಂದಕ್ಕೆ. ಈ ನಡುವಿನ ಚಳಿಗಾಲದಲ್ಲಿ ಬೆಂಗಳೂರಿನವರಿಗೆ ಅದು ಬೆಳಗ್ಗೆ 8 ಆಗುತ್ತದೆ. ಕ್ಯಾಲೆಂಡರ್ ಆಹ್ವಾನವನ್ನು ನ್ಯೂಯಾರ್ಕ್ ಸಮಯಕ್ಕೆ ಕಟ್ಟಿದರೆ ಈ ಬದಲಾವಣೆ ಎಲ್ಲರ ಫೋನಿನಲ್ಲೂ ತಾನಾಗಿಯೇ ಆಗುತ್ತದೆ. ಬೇಸ್‌ಬಾಲ್‌ಗೆ ಭಾನುವಾರದ ಹಗಲು ಆಟವೇ ಸರಿ: ಪೂರ್ವ ಕರಾವಳಿಯ ಮಧ್ಯಾಹ್ನ 1 ಗಂಟೆ ಎಂದರೆ ನಮ್ಮಲ್ಲಿ ರಾತ್ರಿ 10:30. ಅಲ್ಲಿನ ರಾತ್ರಿ 7ರ ಆಟ ಇಲ್ಲಿ ಬೆಳಗಿನ ಜಾವ 4:30ಕ್ಕೆ ಬರುತ್ತದೆ, ಅದನ್ನು ಯಾರ ಮೇಲೂ ಹೇರಬಾರದು. 2023ರಲ್ಲಿ ಪ್ರತಿ ಎಸೆತಕ್ಕೆ ಸಮಯದ ಮಿತಿ ಹಾಕುವ ಪಿಚ್ ಗಡಿಯಾರ ಬಂದ ಮೇಲೆ ಒಂಬತ್ತು ಇನಿಂಗ್ಸ್ ಸಾಮಾನ್ಯವಾಗಿ ಎರಡೂ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ರಾತ್ರಿ 10:30ಕ್ಕೆ ಕೂತವರು ಒಂದೂಕಾಲಿನ ಹೊತ್ತಿಗೆ ಮಲಗಬಹುದು.

ಒಬ್ಬರು ಸಿನಿಮಾ ಹಾಕಿ ಪರದೆ ಹಂಚಿಕೊಂಡರೆ ಸಾಕಲ್ಲವೇ ಎಂದು ಹೊಸದಾಗಿ ಸೇರುವವರೆಲ್ಲ ಕೇಳುತ್ತಾರೆ. ಸಾಲುವುದಿಲ್ಲ. ಹಣ ಕೊಟ್ಟು ನೋಡುವ ತಾಣಗಳ ಚಿತ್ರ ಪರದೆ ಹಂಚಿಕೆಯಲ್ಲಿ ಬಹುಪಾಲು ಕಪ್ಪಾಗಿ ಕಾಣುತ್ತದೆ, ನಕಲು ತಡೆಯುವ ಬೀಗ ಹಾಗೆ ಮಾಡುತ್ತದೆ. ಬೀಗವಿಲ್ಲದ ಚಿತ್ರವಾದರೂ ಕರೆಯ ಆ್ಯಪ್ ಫ್ರೇಮುಗಳನ್ನು, ಅಂದರೆ ಚಲನೆಯ ಬಿಡಿ ಚಿತ್ರಗಳನ್ನು, ಬಿಡುತ್ತಾ ಹೋಗುತ್ತದೆ. ಮಾತಿನ ದೃಶ್ಯವಾದರೆ ಸಹಿಸಬಹುದು, ಟ್ಯಾಪ್ ನೃತ್ಯದಲ್ಲಿ ಕಾಲಿನ ಪೆಟ್ಟೇ ಕಾಣೆಯಾಗುತ್ತದೆ. ಶಬ್ದವಂತೂ ಇನ್ನೂ ಕಷ್ಟ. ಕರೆಯ ಆ್ಯಪ್‌ಗಳು ಮನುಷ್ಯನ ಮಾತನ್ನು ಉಳಿಸಿಕೊಂಡು ಉಳಿದದ್ದನ್ನು ಗದ್ದಲವೆಂದು ಅಳಿಸುವಂತೆ ತಯಾರಾಗಿವೆ. ಅವುಗಳ ಕಿವಿಗೆ ಪಿಟೀಲು ತಂಡವೂ ಮಿಕ್ಸಿಯೂ ಒಂದೇ. ಆದ್ದರಿಂದ ಪ್ರತಿಯೊಬ್ಬರೂ ತಮ್ಮದೇ ಪ್ರತಿಯನ್ನು ತಮ್ಮ ಮನೆಯಲ್ಲೇ ಓಡಿಸಬೇಕು. ಕರೆಯಲ್ಲಿ ಹರಿಯಬೇಕಾದ್ದು ನಮ್ಮ ಮಾತು ಮಾತ್ರ.

ಇಲ್ಲಿಂದ ಅಸಲಿ ತೊಂದರೆ ಶುರು. ಎಲ್ಲರೂ ಸೊನ್ನೆ ನಿಮಿಷದಿಂದ ಒಟ್ಟಿಗೆ ಒತ್ತಿದರೆ ಒಟ್ಟಿಗೆ ಓಡುವುದಿಲ್ಲ. ಒಬ್ಬರ ಪ್ರತಿಯಲ್ಲಿ ಡಿಸ್ಕ್ ಕಂಪನಿಯ ಲಾಂಛನ 12 ಸೆಕೆಂಡು, ಇನ್ನೊಬ್ಬರದರಲ್ಲಿ ಎಚ್ಚರಿಕೆ ಫಲಕ 20 ಸೆಕೆಂಡು ಇರುತ್ತದೆ. ಹಾಲಿವುಡ್‌ನ ದೊಡ್ಡ ಮ್ಯೂಸಿಕಲ್‌ಗಳಿಗೆ, ಅಂದರೆ ಹಾಡು ಕುಣಿತದ ಚಿತ್ರಗಳಿಗೆ, ಶುರುವಿನಲ್ಲಿ ಓವರ್ಚರ್ ಎಂಬ ವಾದ್ಯಸಂಗೀತ, ನಡುವೆ ಇಂಟರ್‌ವಲ್ ಸಂಗೀತ, ಕೊನೆಗೆ ಜನ ಎದ್ದು ಹೋಗುವಾಗಿನ ಸಂಗೀತ ಇರುತ್ತಿತ್ತು. ಕೆಲವು ಪ್ರತಿಗಳಲ್ಲಿ ಅವನ್ನು ಉಳಿಸಿಕೊಂಡಿದ್ದಾರೆ, ಕೆಲವದರಲ್ಲಿ ಕತ್ತರಿಸಿದ್ದಾರೆ. ಹಾಗಾಗಿ ನಮ್ಮ ಗುರುತು ಸೊನ್ನೆ ನಿಮಿಷವಲ್ಲ, ಒಂದು ಫ್ರೇಮು. ಚಿತ್ರದ ಹೆಸರು ಪರದೆಯ ಮೇಲೆ ಪೂರ್ತಿ ಮೂಡಿದ ಕ್ಷಣಕ್ಕೆ ಎಲ್ಲರೂ ನಿಲ್ಲಿಸಿ ಕಾಯುತ್ತೇವೆ. ವಿಎಲ್‌ಸಿ ಎಂಬ ವಿಡಿಯೋ ತಂತ್ರಾಂಶದಲ್ಲಿ ಇ ಕೀ ಒತ್ತಿದರೆ ಒಂದೊಂದೇ ಫ್ರೇಮು ಮುಂದೆ ಹೋಗುತ್ತದೆ, ನಿಖರವಾಗಿ ನಿಲ್ಲಿಸಲು ಅದು ಅನುಕೂಲ. ಒಬ್ಬರು "ಮೂರು, ಎರಡು, ಒಂದು, ಬಿಡಿ" ಎನ್ನುತ್ತಾರೆ. ಎರಡು ನಿಮಿಷದ ನಂತರ ಅವರೇ ಯಾವುದಾದರೂ ಸ್ಪಷ್ಟ ಕಟ್ (ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ಜಾಗ) ಬಂದಾಗ "ಈಗ" ಎನ್ನುತ್ತಾರೆ. ನಿಮ್ಮಲ್ಲಿ ಆ ಕಟ್ ಆಗಲೇ ಆಗಿದ್ದರೆ ನೀವು ಮುಂದಿದ್ದೀರಿ, ಆ ಕಟ್ ಮತ್ತು "ಈಗ"ದ ನಡುವೆ ಎಷ್ಟು ಸೆಕೆಂಡು ಕಳೆಯಿತೋ ಅಷ್ಟು ಹೊತ್ತು ನಿಲ್ಲಿಸಿ ಬಿಡಿ. ಯಾವಾಗಲೂ ಮುಂದಿರುವವರೇ ಕಾಯುವುದು. ಹಿಂದಿರುವವರು ಮುಂದಕ್ಕೆ ಹಾರಲು ಹೋದರೆ ಗುರಿ ತಪ್ಪಿ ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ ಎಂದು ಮೊದಲ ಹಾಡು ಕಳೆದೇಹೋಗುತ್ತದೆ.

ಹೀಗೆ ಹೊಂದಿಸಿದ ಮೇಲೂ ಒಬ್ಬರು ಮೆಲ್ಲಗೆ ಮುಂದೆ ಸರಿಯುತ್ತಲೇ ಇದ್ದರೆ ಲೆಕ್ಕ ಹಾಕಿ ನೋಡಿ. 10 ನಿಮಿಷಕ್ಕೆ 25 ಸೆಕೆಂಡು ಮುಂದೆ ಹೋಗಿದ್ದರೆ ಅವರ ಹತ್ತಿರ ಇರುವುದು ಭಾರತದಲ್ಲಿ, ಯುರೋಪಿನ ಬಹುಭಾಗದಲ್ಲಿ ಇದ್ದ ಪಾಲ್ ಎಂಬ ಟಿವಿ ಪದ್ಧತಿಯ ಪ್ರತಿ, ಅನುಮಾನವೇ ಬೇಡ. ಚಿತ್ರ ತೆಗೆದದ್ದು ಸೆಕೆಂಡಿಗೆ 24 ಫ್ರೇಮಿನಲ್ಲಿ. ಭಾರತದ, ಯುರೋಪಿನ ಟಿವಿ ಓಡುತ್ತಿದ್ದದ್ದು 25ರಲ್ಲಿ. ಡಿಸ್ಕ್ ಮಾಡುವಾಗ 24 ಫ್ರೇಮನ್ನೇ 25ರ ವೇಗಕ್ಕೆ ಓಡಿಸಿಬಿಟ್ಟರು. 100 ನಿಮಿಷದ ಚಿತ್ರ 96 ನಿಮಿಷಕ್ಕೇ ಮುಗಿಯುತ್ತದೆ. ಬೆಂಗಳೂರಿನಲ್ಲಿ ಕೊಂಡ ಹಳೆಯ ಡಿವಿಡಿಗೂ ಅಮೆರಿಕದ ಡಿವಿಡಿಗೂ ಹೊಂದದಿರಲು ಇದೇ ಕಾರಣ. ಹಳೆಯ ಕನ್ನಡ ಚಿತ್ರಗಳ ವಿಸಿಡಿಯಿಂದ ಎತ್ತಿದ ಪ್ರತಿಗಳಲ್ಲೂ ಇದೇ ಓಟ ಕಾಣುತ್ತದೆ.

ಸರಿಪಡಿಸುವುದು ಸುಲಭ: ವಿಎಲ್‌ಸಿಯಲ್ಲಿ ವೇಗವನ್ನು 0.96ಕ್ಕೆ ಇಳಿಸಿ. ಮ್ಯೂಸಿಕಲ್‌ಗೆ ಮಾತ್ರ ಇನ್ನೊಂದು ಹೆಜ್ಜೆ ಇದೆ, ಅದನ್ನು ಬಿಟ್ಟರೆ ಸಂಗೀತ ಬಲ್ಲವರಿಗೆ ಕಿವಿ ಚುಚ್ಚುತ್ತದೆ. ವೇಗ ಏರಿಸಿದಾಗ ಶ್ರುತಿಯೂ ಅರ್ಧ ಮನೆಗೆ ಸ್ವಲ್ಪ ಕಡಿಮೆ ಏರಿರುತ್ತದೆ. ವಿಎಲ್‌ಸಿ ವೇಗ ಬದಲಿಸುವಾಗ ಶ್ರುತಿಯನ್ನು ಇದ್ದಲ್ಲೇ ಹಿಡಿದಿಡುತ್ತದೆ, ಅಂದರೆ ಏರಿದ ಶ್ರುತಿಯಲ್ಲೇ ಹಾಡು ನಿಧಾನವಾಗುತ್ತದೆ. ಪ್ರಾಶಸ್ತ್ಯಗಳ ಆಡಿಯೋ ಪುಟದಲ್ಲಿ ಟೈಮ್ ಸ್ಟ್ರೆಚಿಂಗ್ ಎಂಬ ಗುರುತನ್ನು ತೆಗೆದರೆ ವೇಗದ ಜೊತೆಗೇ ಶ್ರುತಿಯೂ ಇಳಿದು ಮೂಲಕ್ಕೆ ಬರುತ್ತದೆ. ಕೆಲವು ಪಾಲ್ ಡಿಸ್ಕ್‌ಗಳಲ್ಲಿ ಶ್ರುತಿಯನ್ನು ಮೊದಲೇ ತಿದ್ದಿರುತ್ತಾರೆ, ಅಂಥದ್ದಕ್ಕೆ ಗುರುತು ಹಾಗೇ ಇರಲಿ. ಯಾವುದು ಎಂದು ತಿಳಿಯಲು ಒಂದು ಹಾಡಿನ ಆಧಾರ ಷಡ್ಜವನ್ನು ಇಬ್ಬರು ಶ್ರುತಿ ಆ್ಯಪ್‌ನಲ್ಲಿ ಹಿಡಿದು ಹೋಲಿಸಿದರೆ ಆಯಿತು. ಸಬ್‌ಟೈಟಲ್‌ಗೂ ಇದೇ ರೋಗ ತಗಲುತ್ತದೆ. ಬೇರೆ ಪ್ರತಿಗೆ ಬರೆದ ಸಬ್‌ಟೈಟಲ್ ಶುರುವಿನಲ್ಲಿ ಸರಿಯಿದ್ದು ಹೋಗ್ತಾ ಹೋಗ್ತಾ ದೂರವಾದರೆ ಜಿ, ಎಚ್ ಕೀಗಳಿಂದ ಹಿಂದೆ ಮುಂದೆ ಸರಿಸಿ ಪ್ರಯೋಜನವಿಲ್ಲ. ಆ ಕೀಗಳು ಇಡೀ ಕಡತವನ್ನು ಒಂದೇ ಅಳತೆಯಲ್ಲಿ ಸರಿಸುತ್ತವೆ, ಹಿಗ್ಗಿಸುವುದಿಲ್ಲ.

ಸರಿಯುವುದು ತೀರ ಸಣ್ಣದಾಗಿ, 100 ನಿಮಿಷಕ್ಕೆ 6 ಸೆಕೆಂಡಿನಷ್ಟು ಇದ್ದರೆ ಅದು ಸೆಕೆಂಡಿಗೆ 24 ಮತ್ತು 23.976 ಫ್ರೇಮುಗಳ ವ್ಯತ್ಯಾಸ. ಅರ್ಧದಲ್ಲಿ ಒಮ್ಮೆ ಹೊಂದಿಸಿದರೆ ಸಾಕು, ತಲೆ ಕೆಡಿಸಿಕೊಳ್ಳಬೇಡಿ.

ಎಲ್ಲರ ಹತ್ತಿರವೂ ಕಡತವೇ ಇದ್ದರೆ ಸಿಂಕ್‌ಪ್ಲೇ ಎಂಬ ಉಚಿತ ತಂತ್ರಾಂಶ ಈ ಕೆಲಸವನ್ನೆಲ್ಲ ಮಾಡುತ್ತದೆ. ಒಬ್ಬರು ನಿಲ್ಲಿಸಿದರೆ ಎಲ್ಲರಿಗೂ ನಿಲ್ಲುತ್ತದೆ, ಸ್ವಲ್ಪ ಮುಂದೆ ಹೋದವರ ವೇಗ ತಾನೇ ಇಳಿಯುತ್ತದೆ. ಆದರೆ ಪಾಲ್ ಪ್ರತಿ ಒಳಗೆ ಸೇರಿಕೊಂಡರೆ ಅದು ಆ ಒಬ್ಬರನ್ನು ಪದೇ ಪದೇ ಹಿಂದಕ್ಕೆ ಎಳೆಯುತ್ತಿರುತ್ತದೆ. ಹಾಗೆ ಎಳೆಯುತ್ತಿದೆ ಎಂದರೆ ತಂತ್ರಾಂಶದ ತಪ್ಪಲ್ಲ, ಪ್ರತಿಯ ಅವಧಿ ನೋಡಿ.

ಯಾವ ಲೆಕ್ಕಕ್ಕೂ ಸಿಗದ ಎರಡು ಚಿತ್ರಗಳಿವೆ, ಮ್ಯೂಸಿಕಲ್ ಪ್ರಿಯರು ಇವನ್ನು ನೆನಪಿಟ್ಟುಕೊಳ್ಳಬೇಕು. 1954ರ 'ಸೆವೆನ್ ಬ್ರೈಡ್ಸ್ ಫಾರ್ ಸೆವೆನ್ ಬ್ರದರ್ಸ್' ಅನ್ನು ಸಿನಿಮಾಸ್ಕೋಪ್ ಅಗಲದಲ್ಲಿ ಒಮ್ಮೆ, ಸಾಮಾನ್ಯ ಪರದೆಗೆ ಇನ್ನೊಮ್ಮೆ ಚಿತ್ರಿಸಿದರು. 1955ರ 'ಓಕ್ಲಹೋಮಾ!' ಕೂಡ ಹಾಗೆಯೇ: ಟಾಡ್-ಎಒ ಎಂಬ ಅಗಲ ಪರದೆಯ ಪದ್ಧತಿಯಲ್ಲಿ ಸೆಕೆಂಡಿಗೆ 30 ಫ್ರೇಮು, ಸಿನಿಮಾಸ್ಕೋಪಿನಲ್ಲಿ 24. ಎರಡೂ ಪ್ರತಿಗಳಲ್ಲಿ ಟೇಕ್‌ಗಳೇ ಬೇರೆ. ಒಬ್ಬರು ಒಂದನ್ನು, ಇನ್ನೊಬ್ಬರು ಮತ್ತೊಂದನ್ನು ಹಾಕಿಕೊಂಡರೆ ನೀವಿಬ್ಬರೂ ನೋಡುತ್ತಿರುವುದು ಅಕ್ಷರಶಃ ಬೇರೆ ಬೇರೆ ಸಿನಿಮಾ. ಶುರುವಿಗೆ ಮುಂಚೆ "ನಿಮ್ಮದು ಎಷ್ಟು ಅಗಲ?" ಎಂದು ಕೇಳಿಬಿಡುವುದೇ ಪರಿಹಾರ.

ಅಗಲದ ಮಾತು ಬಂದಿತು, ಚಿತ್ರದ ಚೌಕಟ್ಟಿನ ವಿಷಯ ಹೇಳಲೇಬೇಕು. 1953ಕ್ಕಿಂತ ಹಿಂದಿನ ಹಾಲಿವುಡ್ ಚಿತ್ರಗಳು ಹೆಚ್ಚುಕಡಿಮೆ ಎಲ್ಲವೂ 1.37ಕ್ಕೆ 1ರ ಅಳತೆಯವು. ಎರಡೂ ಪಕ್ಕ ಕಪ್ಪು ಪಟ್ಟಿ ಇರಲೇಬೇಕು. ಪಟ್ಟಿ ಚೆನ್ನಾಗಿ ಕಾಣುವುದಿಲ್ಲವೆಂದು ಟಿವಿಯಲ್ಲಿ ಜೂಮ್ ಒತ್ತಿದರೆ ಚಿತ್ರದ ಎತ್ತರದಲ್ಲಿ ಸುಮಾರು ಕಾಲು ಭಾಗ ಮೇಲೆ ಕೆಳಗೆ ಕತ್ತರಿಸಿಹೋಗುತ್ತದೆ. ನರ್ತಕ ನಟ ಫ್ರೆಡ್ ಅಸ್ಟೇರ್ ತನ್ನ ನೃತ್ಯವನ್ನು ತಲೆಯಿಂದ ಪಾದದವರೆಗೆ, ಆದಷ್ಟು ಕಡಿಮೆ ಕಟ್‌ಗಳಲ್ಲಿ ತೋರಿಸಬೇಕೆಂದು ಹಟ ಹಿಡಿಯುತ್ತಿದ್ದ. ಜೂಮ್ ಒತ್ತಿದವರಿಗೆ ಸಿಗುವುದು ಮೊಣಕಾಲಿನವರೆಗಿನ ಅಸ್ಟೇರ್. ನಮ್ಮ ಪರೀಕ್ಷೆ ಒಂದೇ ಪ್ರಶ್ನೆ: "ಬೂಟು ಕಾಣುತ್ತಿದೆಯಾ? ಬೂಟಿನ ಕೆಳಗೆ ನೆಲದ ಪಟ್ಟಿ ಕಾಣುತ್ತಿದೆಯಾ?" ಎರಡಕ್ಕೂ ಹೌದು ಎಂದರೆ ಚೌಕಟ್ಟು ಸರಿಯಿದೆ. ಟಿವಿಯಲ್ಲಿ ಚಲನೆಯನ್ನು ನಯ ಮಾಡುವ ಆಯ್ಕೆ ಇದ್ದರೆ ಅದನ್ನೂ ಬಂದ್ ಮಾಡಿ. ಅದು ಮೂಲದಲ್ಲಿ ಇಲ್ಲದ ಫ್ರೇಮುಗಳನ್ನು ನಡುವೆ ತುರುಕುತ್ತದೆ, ನೃತ್ಯದ ತೂಕವೇ ಹೋಗಿಬಿಡುತ್ತದೆ.

ಕರೆಗೆ ಹೆಡ್‌ಫೋನ್ ಕಡ್ಡಾಯ. ಒಬ್ಬರ ಮನೆಯ ಸ್ಪೀಕರ್‌ನಿಂದ ಸಿನಿಮಾದ ಶಬ್ದ ಮೈಕಿಗೆ ಸೋರಿದರೂ ಉಳಿದ ನಾಲ್ವರಿಗೆ ಅದೇ ಹಾಡು ಅರೆಕ್ಷಣ ತಡವಾಗಿ ಎರಡನೇ ಸಲ ಕೇಳುತ್ತದೆ. ಹಾಡು, ನೃತ್ಯ ನಡೆಯುವಾಗ ಮೈಕು ಬಂದ್, ಚಾಟೂ ಬಂದ್. ಮನಸ್ಸಿಗೆ ಬಂದದ್ದನ್ನು ಸಮಯದ ಜೊತೆ ಕಾಗದದಲ್ಲಿ ಗೀಚಿಟ್ಟುಕೊಳ್ಳಿ, "42:10, ಕುರ್ಚಿ ಬೀಳುವ ಶಬ್ದ ತಾಳಕ್ಕೆ ಸರಿಯಾಗಿದೆ" ಎನ್ನುವ ಹಾಗೆ. ಹಾಡು ಮುಗಿದ ಮೇಲೆ ಬರೆದರೆ ಎಲ್ಲರೂ ಆ ಜಾಗಕ್ಕೇ ಹೋಗಿ ನೋಡಬಹುದು. ನೃತ್ಯದಲ್ಲಿ ಎಷ್ಟು ಕಟ್ ಇವೆ ಎಂದು ಪ್ರತಿಯೊಬ್ಬರೂ ಎಣಿಸಿ ಕೊನೆಗೆ ಹೇಳುವುದು ನಮ್ಮ ರೂಢಿ. ಸಂಖ್ಯೆ ಹೊಂದದಿದ್ದರೆ ಬಹುಪಾಲು ಒಬ್ಬರು ಡಿಸಾಲ್ವ್ (ಒಂದು ದೃಶ್ಯ ಕರಗಿ ಇನ್ನೊಂದು ಮೂಡುವುದು) ಅನ್ನು ಎಣಿಸಿಲ್ಲ, ಇಲ್ಲವೇ ಕಂಬದ ಹಿಂದೆ, ಪರದೆಯ ಹಿಂದೆ ಅಡಗಿಸಿದ ಕಟ್ ಕಣ್ಣಿಗೆ ಬಿದ್ದಿಲ್ಲ. ಹೀಗೆ ಎಣಿಸಿದ ಮೇಲೆ ಸಂಕಲನದ ಬಗ್ಗೆ ಆಡುವ ಮಾತಿಗೆ ಬಲ ಬರುತ್ತದೆ.

ಮ್ಯೂಸಿಕಲ್ ಎಂದರೆ ನಮ್ಮವರಿಗೆ ಹೊಸದೇನಲ್ಲ. ಹಿನ್ನೆಲೆ ಗಾಯನ ಹಾಲಿವುಡ್‌ನಲ್ಲೂ ಇತ್ತು. 1956ರ 'ದ ಕಿಂಗ್ ಆ್ಯಂಡ್ ಐ'ನಲ್ಲಿ ಡೆಬೊರಾ ಕೆರ್‌ಗೆ, 1961ರ 'ವೆಸ್ಟ್ ಸೈಡ್ ಸ್ಟೋರಿ'ಯಲ್ಲಿ ನತಾಲಿ ವುಡ್‌ಗೆ, 1964ರ 'ಮೈ ಫೇರ್ ಲೇಡಿ'ಯಲ್ಲಿ ಆಡ್ರೆ ಹೆಪ್‌ಬರ್ನ್‌ಗೆ ಹಾಡಿನ ದನಿ ಕೊಟ್ಟದ್ದು ಗಾಯಕಿ ಮಾರ್ನಿ ನಿಕ್ಸನ್. ಚಿತ್ರದ ಫಲಕಗಳಲ್ಲಿ ಆಕೆಯ ಹೆಸರಿರಲಿಲ್ಲ. ಪಿ.ಬಿ. ಶ್ರೀನಿವಾಸ್ ಹೆಸರನ್ನು ಪರದೆಯ ಮೇಲೆ ಓದಿ ಬೆಳೆದವರಿಗೆ ಇದು ಅನ್ಯಾಯವಾಗಿಯೇ ಕಾಣುತ್ತದೆ, ನನಗೂ ಹಾಗೆಯೇ.

ಈಗ ಬೇಸ್‌ಬಾಲ್. ನೇರ ಪ್ರಸಾರದಲ್ಲಿ ಎಲ್ಲರೂ ಒಂದೇ ಆಟ ನೋಡುತ್ತಿದ್ದರೂ ಕೇಬಲ್‌ನವರು ಮುಂದೆ, ಸ್ಟ್ರೀಮಿಂಗ್‌ನವರು ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೂ ಹಿಂದೆ ಇರಬಹುದು. ಹೊಂದಿಸುವ ಕ್ರಮ ಹೀಗೆ: ಇನಿಂಗ್‌ನ ಮೊದಲ ಎಸೆತ ಪಿಚರ್‌ನ ಕೈ ಬಿಟ್ಟ ಕ್ಷಣದಲ್ಲಿ ಪ್ರತಿಯೊಬ್ಬರೂ ತಮ್ಮ ಫೋನಿನ ಗಡಿಯಾರದ ಸೆಕೆಂಡನ್ನು ಬರೆಯುತ್ತಾರೆ. 14, 51, 38, 40, 52 ಎಂದು ಬಂದರೆ 52ರವರು ಎಲ್ಲರಿಗಿಂತ ಹಿಂದೆ, ಅವರೇ ಗುರಿ. 14ರವರು 38 ಸೆಕೆಂಡು ನಿಲ್ಲಿಸಿ ಬಿಡುತ್ತಾರೆ, 38ರವರು 14, 40ರವರು 12, 51ರವರು 1. ನಿಲ್ಲಿಸಲು ಬಾರದ ಕೇಬಲ್ ಪೆಟ್ಟಿಗೆ ಇರುವವರು ಚಾಟ್‌ನಲ್ಲಿ ಬರೆಯುವ ಮುನ್ನ ಅಷ್ಟು ಸೆಕೆಂಡು ಕೈಕಟ್ಟಿ ಕೂರಬೇಕು. ಜಾಹೀರಾತು ಮುಗಿದು ಬರುವಾಗ ಸ್ಟ್ರೀಮ್ ಕೆಲವೊಮ್ಮೆ ತಾನಾಗಿ ಮುಂದಕ್ಕೆ ಹಾರುತ್ತದೆ, ಆದ್ದರಿಂದ ಮೂರು ಇನಿಂಗ್‌ಗೊಮ್ಮೆ ಮತ್ತೆ ನೋಡಿ. ಅಂಕಗಳ ಆ್ಯಪ್‌ನ ಸೂಚನೆಗಳನ್ನು ಆಟಕ್ಕೆ ಮುಂಚೆಯೇ ಬಂದ್ ಮಾಡಿ, ಎಲ್ಲ ಶ್ರಮವನ್ನೂ ಅದೊಂದೇ ಹಾಳು ಮಾಡಬಲ್ಲದು.

ಆಟದ ನಡುವೆ ಚಾಟ್‌ನಲ್ಲಿ ವಾಕ್ಯ ಬರೆಯುವಷ್ಟು ಸಮಯವಿಲ್ಲ. ಬೇಸ್‌ಗಳು (ಓಟಗಾರ ಒಂದೊಂದಾಗಿ ಮುಟ್ಟುತ್ತಾ ಸಾಗುವ ಗುರುತುಗಳು) ಖಾಲಿ ಇದ್ದರೆ ಪಿಚರ್‌ಗೆ ಎಸೆಯಲು ಸಿಗುವುದು 15 ಸೆಕೆಂಡು, ಓಟಗಾರರಿದ್ದರೆ 18. ಇಲ್ಲಿ ಆಟವನ್ನು ಬರೆದಿಡುವ ಸ್ಕೋರ್ ಹಾಳೆಯ ಅಂಕಿಗಳೇ ನಮ್ಮ ಭಾಷೆ, ಮೈದಾನದ ಪ್ರತಿ ಸ್ಥಾನಕ್ಕೂ ಒಂದು ಅಂಕಿ. ಪಿಚರ್ 1, ಕ್ಯಾಚರ್ 2, ಮೊದಲ ಬೇಸ್ 3, ಎರಡನೇ ಬೇಸ್ 4, ಮೂರನೇ ಬೇಸ್ 5, ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವವನು) 6, ಎಡ ಫೀಲ್ಡ್ 7, ನಡು ಫೀಲ್ಡ್ 8, ಬಲ ಫೀಲ್ಡ್ 9. ಸ್ಟ್ರೈಕ್‌ಔಟ್‌ಗೆ (ಬ್ಯಾಟರ್ ಮೂರು ಸ್ಟ್ರೈಕ್‌ಗೆ ಔಟಾಗುವುದಕ್ಕೆ) ಕೆ, ಬ್ಯಾಟು ಬೀಸದೆ ನಿಂತು ಔಟಾದರೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದ ಕೆ. ಈ ಕೆಯನ್ನು ಬಳಕೆಗೆ ತಂದ ಹೆನ್ರಿ ಚ್ಯಾಡ್ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿದವನು, ಬೇಸ್‌ಬಾಲ್‌ಗಿಂತ ಮೊದಲು ಕ್ರಿಕೆಟ್ ವರದಿ ಬರೆಯುತ್ತಿದ್ದವನು. 'ಸ್ಟ್ರಕ್' ಎಂಬ ಪದದ ಕೊನೆಯ ಅಕ್ಷರವನ್ನು ಆತ ಆರಿಸಿಕೊಂಡ.

ಒಂದು ಡಬಲ್ ಪ್ಲೇಯನ್ನು (ಒಂದೇ ಹೊಡೆತಕ್ಕೆ ಎರಡು ಔಟ್) ಹಾಳೆಯ ಮೇಲೆ ಬಿಡಿಸಿ ನೋಡೋಣ. ಮೊದಲ ಬೇಸಿನಲ್ಲಿ ಓಟಗಾರ ಇದ್ದಾನೆ. ಚೆಂಡು ನೆಲಕ್ಕೆ ಬಡಿದು ಶಾರ್ಟ್‌ಸ್ಟಾಪ್ ಕಡೆಗೆ ಹೋಯಿತು. ಅವನು ಎರಡನೇ ಬೇಸಿನವನಿಗೆ, ಅವನು ಮೊದಲ ಬೇಸಿನವನಿಗೆ ಎಸೆದ. ಓಟಗಾರನ ಚೌಕದಲ್ಲಿ ಮೊದಲ ಬೇಸಿನಿಂದ ಎರಡನೆಯದಕ್ಕೆ ಹೋಗುವ ಗೆರೆಯನ್ನು ಅರ್ಧಕ್ಕೆ ಎಳೆದು ಅಡ್ಡ ಗೀಟು ಹಾಕಿ, ಪಕ್ಕದಲ್ಲಿ 6-4, ಔಟಿನ ಸಂಖ್ಯೆ 1ಕ್ಕೆ ಸುತ್ತು. ಬ್ಯಾಟರ್‌ನ ಚೌಕದಲ್ಲಿ 6-4-3, ಔಟಿನ ಸಂಖ್ಯೆ 2ಕ್ಕೆ ಸುತ್ತು. ಚಾಟ್‌ನಲ್ಲಿ ಒಬ್ಬರು "6-4-3" ಎಂದಷ್ಟೇ ಬರೆದರೆ ಐದೂ ಹಾಳೆ ತುಂಬುತ್ತವೆ.

ನಮ್ಮ ಮೂರೂ ಹುಚ್ಚುಗಳು ಕೂಡುವ ಜಾಗವೂ ಇದೇ 6-4-3. 1949ರ ಎಂಜಿಎಂ ಮ್ಯೂಸಿಕಲ್ 'ಟೇಕ್ ಮಿ ಔಟ್ ಟು ದ ಬಾಲ್ ಗೇಮ್'ನಲ್ಲಿ ಜೀನ್ ಕೆಲಿ ಶಾರ್ಟ್‌ಸ್ಟಾಪ್ ಓ'ಬ್ರಯನ್, ಫ್ರಾಂಕ್ ಸಿನಾತ್ರಾ ಎರಡನೇ ಬೇಸಿನ ರಯನ್, ಜೂಲ್ಸ್ ಮನ್ಶಿನ್ ಮೊದಲ ಬೇಸಿನ ಗೋಲ್ಡ್‌ಬರ್ಗ್. ಮೂವರೂ ಸೇರಿ ಹಾಡುವ ಹಾಡಿನ ಹೆಸರೇ ಓ'ಬ್ರಯನ್‌ನಿಂದ ರಯನ್‌ಗೆ, ರಯನ್‌ನಿಂದ ಗೋಲ್ಡ್‌ಬರ್ಗ್‌ಗೆ ಎಂದು. ಸ್ಕೋರ್ ಹಾಳೆ ಬಲ್ಲವರ ಕಿವಿಗೆ ಆ ಮೂರು ಹೆಸರು 6, 4, 3 ಎಂದೇ ಕೇಳುತ್ತವೆ. ಅದರ ಹಿಂದೆ ಇನ್ನೊಂದು ನೆರಳಿದೆ: ಶಿಕಾಗೊ ಕಬ್ಸ್ ತಂಡದ ಟಿಂಕರ್, ಎವರ್ಸ್, ಚಾನ್ಸ್ ಎಂಬ ಶಾರ್ಟ್‌ಸ್ಟಾಪ್, ಎರಡನೇ ಬೇಸ್, ಮೊದಲ ಬೇಸ್ ಮೂವರ ಮೇಲೆ ಪತ್ರಕರ್ತ ಫ್ರಾಂಕ್ಲಿನ್ ಪಿ. ಆ್ಯಡಮ್ಸ್ 1910ರಲ್ಲಿ ಬರೆದ ಪುಟ್ಟ ಪದ್ಯ. ಆ ಮೂವರೂ 1946ರಲ್ಲಿ ಒಟ್ಟಿಗೆ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದರು. ಹೊಸಬರಿಗೆ ಅಂಕಿ ಕಲಿಸಬೇಕಾದರೆ ನಾವು ಆ ಹಾಡನ್ನೇ ಹಾಕುತ್ತೇವೆ, ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವುದಕ್ಕಿಂತ ಬೇಗ ಹತ್ತುತ್ತದೆ.

ಕ್ರಿಕೆಟ್ ನೋಡಿ ಬೆಳೆದವರು ಎರಡು ಕಡೆ ತಪ್ಪುತ್ತಾರೆ. ಮೂರನೇ ಔಟ್ ಫೋರ್ಸ್ ಔಟ್ (ಹಿಂದಿನವನಿಗೆ ಜಾಗ ಬಿಟ್ಟು ಮುಂದಿನ ಬೇಸಿಗೆ ಓಡಲೇಬೇಕಾದವನ ಔಟ್) ಆಗಿದ್ದರೆ, ಅಥವಾ ಬ್ಯಾಟರ್ ಮೊದಲ ಬೇಸ್ ಮುಟ್ಟುವ ಮುನ್ನವೇ ಔಟಾದರೆ, ಅದಕ್ಕಿಂತ ಮೊದಲೇ ಹೋಮ್ ಮುಟ್ಟಿದ ಓಟಗಾರನ ರನ್ನೂ ಲೆಕ್ಕಕ್ಕಿಲ್ಲ. ಇನ್ನೊಂದು, ಕ್ಯಾಚರ್ ಹಿಡಿಯದೆ ಬಿಟ್ಟ ಮೂರನೇ ಸ್ಟ್ರೈಕ್. ಮೊದಲ ಬೇಸ್ ಖಾಲಿ ಇದ್ದರೆ ಅಥವಾ ಆಗಲೇ ಎರಡು ಔಟ್ ಆಗಿದ್ದರೆ ಬ್ಯಾಟರ್ ಓಡಬಹುದು. ಹಾಳೆಯಲ್ಲಿ ಕೆ ಬರೆಯಲೇಬೇಕು, ಆದರೆ ಔಟ್ ಆಯಿತೇ ಇಲ್ಲವೇ ಎಂದು ನೋಡಿಯೇ ಸುತ್ತು ಹಾಕಬೇಕು. ಕ್ಯಾಚರ್ ಚೆಂಡನ್ನು ಎತ್ತಿ ಮೊದಲ ಬೇಸಿಗೆ ಎಸೆದು ಔಟ್ ಮಾಡಿದರೆ ಕೆ 2-3.

ಆಟ ಮುಗಿದ ಮೇಲೆ ಹಾಳೆಯನ್ನು ತಾಳೆ ನೋಡುವುದು ನನಗೆ ತುಂಬ ಇಷ್ಟದ ಕೆಲಸ, ಮನೆ ಲೆಕ್ಕದ ಪುಸ್ತಕ ಮುಚ್ಚಿದ ಹಾಗೆ. ಬ್ಯಾಟಿಗೆ ಬಂದವರ ಒಟ್ಟು ಸರದಿಗಳು, ರನ್‌ಗಳು, ಬೇಸಿನಲ್ಲೇ ಉಳಿದವರು ಮತ್ತು ಔಟ್‌ಗಳ ಮೊತ್ತಕ್ಕೆ ಸಮ ಇರಬೇಕು. 38 ಸರದಿ, 4 ರನ್, 7 ಉಳಿಕೆ, 27 ಔಟ್: 4+7+27=38, ತಾಳೆಯಾಯಿತು. ಗೆಲ್ಲುತ್ತಿರುವ ಆತಿಥೇಯ ತಂಡ ಒಂಬತ್ತನೇ ಇನಿಂಗ್ ಆಡದಿದ್ದರೆ ಔಟ್ 24 ಮಾತ್ರ. ಲೀಗ್ ಹಂತದ ಆಟಗಳ ಹೆಚ್ಚುವರಿ ಇನಿಂಗ್‌ನಲ್ಲಿ ಎರಡನೇ ಬೇಸಿಗೆ ಒಬ್ಬನನ್ನು ಸುಮ್ಮನೆ ನಿಲ್ಲಿಸುತ್ತಾರೆ, ಅವನು ಬ್ಯಾಟಿಗೆ ಬಂದವನಲ್ಲ. ಅಂಥ ಪ್ರತಿ ಇನಿಂಗ್‌ಗೆ ಸರದಿಯ ಕಡೆ 1 ಕೂಡಿಸಿಕೊಳ್ಳದಿದ್ದರೆ ಲೆಕ್ಕ ಹೊಂದುವುದಿಲ್ಲ. ಒಂದು ಕಡಿಮೆ ಬಂದರೆ ಮೊದಲು ನಡಿಗೆಗಳನ್ನು ನೋಡಿ, ನಾಲ್ಕು ಬಾಲ್‌ಗೆ ಬೇಸಿಗೆ ನಡೆದವನನ್ನು ಬರೆಯಲು ಮರೆಯುವುದೇ ಹೆಚ್ಚು.

ಏಳನೇ ಇನಿಂಗ್‌ನ ನಡುವೆ ಮೈದಾನದಲ್ಲಿ ಎಲ್ಲರೂ ಎದ್ದು ನಿಂತು 1908ರ ಹಾಡು ಹಾಡುತ್ತಾರೆ. 1949ರ ಚಿತ್ರಕ್ಕೆ ಹೆಸರು ಕೊಟ್ಟದ್ದೂ ಅದೇ ಹಾಡು. ನಮಗೂ ಒಟ್ಟಿಗೆ ಹಾಡುವ ಆಸೆ, ಆದರೆ ಅಷ್ಟು ಹೊಂದಾಣಿಕೆ ಯಾವ ಉಪಾಯಕ್ಕೂ ಸಿಗುವುದಿಲ್ಲ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ನೇರ ದಾರಿಯೇ ಸುಮಾರು 14,000 ಕಿಲೋಮೀಟರ್, ಒಂದು ದಿಕ್ಕಿಗೇ 70 ಮಿಲಿಸೆಕೆಂಡು ಬೇಕು. ಸುತ್ತು ದಾರಿ, ಆ್ಯಪ್‌ನ ಕೆಲಸ ಸೇರಿದರೆ 200 ಆಗುತ್ತದೆ. ಅದು ಮೂರು ಎಣಿಕೆಯ ವಾಲ್ಟ್ಸ್ ತಾಳದ ಹಾಡು, ಮೈದಾನದ ವೇಗದಲ್ಲಿ ಒಂದು ಎಣಿಕೆಗೆ ಮೂರನೇ ಒಂದು ಸೆಕೆಂಡಿನಷ್ಟು. ಅರ್ಧಕ್ಕಿಂತ ಹೆಚ್ಚು ಎಣಿಕೆ ತಡವಾಗಿ ಬರುವ ದನಿಗೆ ಕಾಯುತ್ತಾ ಹಾಡಿದರೆ ಎಲ್ಲರೂ ನಿಧಾನವಾಗುತ್ತಾ ಹೋಗಿ ಹಾಡೇ ನಿಂತುಹೋಗುತ್ತದೆ. ಹಾಗಾಗಿ ಒಬ್ಬರು ಮೈಕು ತೆರೆದು ಹಾಡುತ್ತಾರೆ, ಶಬ್ದ ಶುದ್ಧಿ ಆಯ್ಕೆ ಬಂದ್ ಮಾಡಿ, ಝೂಮ್‌ನಲ್ಲಾದರೆ ಸಂಗೀತಗಾರರ ಮೂಲ ಧ್ವನಿ ಆಯ್ಕೆ ಹಾಕಿಕೊಂಡು. ಉಳಿದ ನಾಲ್ವರು ಮೈಕು ಮುಚ್ಚಿ ತಮ್ಮ ತಮ್ಮ ಮನೆಯಲ್ಲಿ ಎದ್ದು ನಿಂತು ಆ ದನಿಯ ಜೊತೆ ಹಾಡುತ್ತಾರೆ. ಸರದಿಯ ಪಟ್ಟಿ ಸ್ಕೋರ್ ಹಾಳೆಯ ಹಿಂಬದಿಯಲ್ಲಿದೆ, ಮುಂದಿನ ಭಾನುವಾರ ಕ್ಯಾಲಿಫೋರ್ನಿಯಾದವರದು.